ಗಾಳಿಯಲ್ಲಿ ಹೋಗುವ ಮಾತಿಗೆ ಬೀಗ

ಕಲ್ಯಾಣದುರ್ಗದಿಂದ ಪಾವಗಡದ ಕಡೆಗೆ ಹೊರಟರೆ, ಗಡಿಯ ಹತ್ತಿರ ಜೇಬಿನಲ್ಲಿರುವ ಫೋನು ಆಂಧ್ರದ ಗೋಪುರವನ್ನು ಬಿಟ್ಟು ಕರ್ನಾಟಕದ ಗೋಪುರವನ್ನು ಹಿಡಿಯುತ್ತದೆ. ನಾವು ಏನನ್ನೂ ಒತ್ತಿರುವುದಿಲ್ಲ. ಈ ಅನುಕೂಲದೊಳಗೇ ಒಂದು ಅಪಾಯವೂ ಅಡಗಿದೆ.

ಫೋನಿನ ಮಾತು ಗೋಪುರದವರೆಗೆ ರೇಡಿಯೋ ಅಲೆಗಳಲ್ಲಿ ಹೋಗುವುದರಿಂದ ಅದನ್ನು ಯಾರಾದರೂ ಹಿಡಿಯಬಹುದು. ಆದುದರಿಂದಲೇ ಅದನ್ನು ಗೂಢಲಿಪಿಗೆ ತಿರುಗಿಸಿ ಕಳುಹಿಸುತ್ತಾರೆ. ಎರಡನೆಯ ತಲೆಮಾರಿನ, ಅಂದರೆ 2ಜಿ ಫೋನುಗಳಿಗಾಗಿ 1987ರಲ್ಲಿ ಯೂರೋಪಿನಲ್ಲಿ ರೂಪಿಸಿದ ಬೀಗದ ಹೆಸರು ಎ5/1. ಅದರ ಕೀಲಿಕೈಯಲ್ಲಿ 64 ಅಂಕೆಗಳು. ಒಂದೊಂದೂ ಸೊನ್ನೆ ಇಲ್ಲವೆ ಒಂದು. ಚದುರಂಗದ 64 ಮನೆಗಳಲ್ಲಿ ಕಾಳುಗಳನ್ನು ಇಮ್ಮಡಿಸುತ್ತಾ ಹೋದ ಕಥೆ ನಿಮಗೆ ಗೊತ್ತಲ್ಲವೆ? ಆ ಒಟ್ಟು ಕಾಳುಗಳಿಗಿಂತ ಒಂದು ಹೆಚ್ಚು ಕೀಲಿಕೈಗಳು ಸಾಧ್ಯ. (ಕನ್ನಡ ಮೇಷ್ಟರ ಲೆಕ್ಕವೆಂದು ಸಂಶಯಪಡಬೇಡಿ, ಮಾಡಿ ನೋಡಿ.) ಆದರೆ ಅನೇಕ ಜಾಲಗಳಲ್ಲಿ 10 ಅಂಕೆಗಳನ್ನು ಸೊನ್ನೆಯಾಗಿಯೇ ಇರಿಸಿದ್ದರೆಂಬುದು 1998ರಲ್ಲಿ ಬಯಲಾಯಿತು. ಹತ್ತೇ ತಾನೆ ಎನ್ನಬಾರದು; ಅದರಿಂದ ಕೀಲಿಕೈಗಳ ಸಂಖ್ಯೆ 1024ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಬೀಗದ ರಚನೆಯನ್ನು ಗುಟ್ಟಾಗಿಟ್ಟರೆ ಕ್ಷೇಮವೆಂದು ಉದ್ಯಮದವರು ನಂಬಿದ್ದರು. ರಚನೆ ಶತ್ರುವಿಗೆ ತಿಳಿದರೂ ಕೀಲಿಕೈಯೊಂದೇ ಕಾಪಾಡುವಂತಿರಬೇಕೆಂದು ಕೆರ್ಕಾಫ್ಸ್ ಎಂಬ ವಿದ್ವಾಂಸರು 1883ರಲ್ಲಿಯೇ ಬರೆದಿದ್ದರು. 1999ರಲ್ಲಿ ಗುಟ್ಟು ರಟ್ಟಾಯಿತು. 2009ರ ಡಿಸೆಂಬರಿನಲ್ಲಿ ಜರ್ಮನಿಯ ಕಾರ್ಸ್ಟನ್ ನೋಲ್ ಎಂಬ ತಜ್ಞರು, ಈ ಬೀಗವನ್ನು ತೆರೆಯಲು ನೆರವಾಗುವ ಕೋಷ್ಟಕಗಳು ಸಿದ್ಧವಾಗಿವೆಯೆಂದು ಬರ್ಲಿನ್ನಿನಲ್ಲಿ ಪ್ರಕಟಿಸಿದರು. ಜಿಎಸ್‌ಎಂ ಕಂಪೆನಿಗಳ ಸಂಘವು, ಇದು ತತ್ತ್ವದಲ್ಲಿ ಸಾಧ್ಯವಾದರೂ ಆಚರಣೆಯಲ್ಲಿ ಅಸಂಭವವೆಂದಿತು. ಬ್ರಿಟನ್ ಅಮೆರಿಕಗಳಲ್ಲಿ ಕಾನೂನಿಗೆ ವಿರುದ್ಧವೆಂದೂ ಹೇಳಿತು. ಬಾಗಿಲು ಸಡಿಲವಾಗಿದೆಯೆಂದು ತಿಳಿಸಿದವನನ್ನೇ ಗದರಿದಂತಾಯಿತೆಂದು ನಮಗೆ ತೋರುತ್ತದೆ. ಹಾಗೆಂದು ಉದ್ಯಮವು ಕೈಕಟ್ಟಿ ಕುಳಿತಿರಲಿಲ್ಲ. ಇನ್ನೂ ದುರ್ಬಲವಾದ ಎ5/2ನ್ನು ಹೊಸ ಫೋನುಗಳಿಂದ ತೆಗೆಸಿತು. ಎ5/3 ಎಂಬ ಗಟ್ಟಿ ಬೀಗವನ್ನೂ ತಂದಿತು. ಆದರೆ ಗೋಪುರಗಳು, ಜನರ ಕೈಯಲ್ಲಿರುವ ಫೋನುಗಳು ಒಂದೇ ದಿನದಲ್ಲಿ ಬದಲಾಗುವುದುಂಟೆ?

ಬೀಗಕ್ಕಿಂತ ದೊಡ್ಡ ಲೋಪ ಇನ್ನೊಂದಿದೆ. 2ಜಿಯಲ್ಲಿ ಫೋನು ತಾನು ಯಾರೆಂದು ಗೋಪುರಕ್ಕೆ ರುಜುವಾತು ಕೊಡಬೇಕು. ಗೋಪುರ ಮಾತ್ರ ಫೋನಿಗೆ ಏನನ್ನೂ ಕೊಡಬೇಕಾಗಿಲ್ಲ. ಆದುದರಿಂದ ಅಲೆ ಬಲವಾಗಿದ್ದರೆ ನಕಲಿ ಗೋಪುರಕ್ಕೂ ಫೋನು ಮರುಳಾಗುತ್ತದೆ. ಚೀನಾದಲ್ಲಿ ವಂಚಕರು ಇಂಥ ಯಂತ್ರಗಳನ್ನು ಕಾರಿನಲ್ಲಿಟ್ಟುಕೊಂಡು ತಿರುಗುತ್ತಾ, ಬ್ಯಾಂಕಿನ ಹೆಸರಿನಲ್ಲಿ ಸಂದೇಶ ಕಳುಹಿಸಿದ್ದುಂಟು. 3ಜಿಯಿಂದ ಮುಂದೆ ಪರಸ್ಪರ ಪರೀಕ್ಷೆ ಬಂದಿತು. ಆದರೂ ಹೊಸ ಫೋನನ್ನು 2ಜಿಗೆ ಇಳಿಯುವಂತೆ ಮಾಡಬಹುದಾದ್ದರಿಂದ, 2021ರ ಆಂಡ್ರಾಯ್ಡ್ 12ರಲ್ಲಿ 2ಜಿಯನ್ನೇ ಮುಚ್ಚುವ ಸೌಲಭ್ಯವನ್ನು ಸೇರಿಸಿದರು. ಅದು ಎಲ್ಲ ಫೋನುಗಳಲ್ಲಿಯೂ ಇಲ್ಲ.

2ಜಿ ಮಾತ್ರವಿರುವ ಹಳೆಯ ಗುಂಡಿಯ ಫೋನಿಗಂತೂ ಈ ಉಪಾಯವಿಲ್ಲ. ಮನೆಯ ಹಿರಿಯರು ಅದನ್ನು ನಿಮ್ಮ ಕೈಗಿತ್ತು, "ಬ್ಯಾಂಕಿನವರು ಏನೋ ಕಳಿಸಿದ್ದಾರೆ, ಓದು" ಎನ್ನುತ್ತಾರೆ. ಓದಿರಿ. ಮೇಲಿರುವ ಹೆಸರನ್ನು ಬ್ಯಾಂಕೇ ಬರೆಯಿತೆಂಬುದು ಆ ಫೋನಿಗೆ ತಿಳಿಯದು ಎಂಬುದನ್ನೂ ಅವರಿಗೆ ಹೇಳಿರಿ. ಪಾಸ್‌ಪುಸ್ತಕ ಹಿಡಿದು ಶಾಖೆಗೆ ಹೋಗಿ ವಿಚಾರಿಸಲಿ.