ಹಸಿರು ಎಲೆಯನ್ನು ಕೆಂಪಾಗಿಸುವ ಫಿಲ್ಮ್

ಮಾವಿನ ಎಲೆಯ ಹಸಿರೂ ಲಾರಿಗೆ ಬಳಿದ ಪೇಂಟಿನ ಹಸಿರೂ ಕಣ್ಣಿಗೆ ಒಂದೇ ಥರ ಕಾಣಬಹುದು. ಕೊಡಾಕ್ ಕಂಪನಿಯ ಬಣ್ಣದ ಇನ್‌ಫ್ರಾರೆಡ್ ಫಿಲ್ಮ್‌ನಲ್ಲಿ ಎರಡನ್ನೂ ಸೆರೆಹಿಡಿದರೆ ಎಲೆ ಕಡುಗೆಂಪಾಗುತ್ತದೆ; ಪೇಂಟು ಸಾಮಾನ್ಯವಾಗಿ ನೀಲಿಗೆ ತಿರುಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಈ ಫಿಲ್ಮ್ ಹುಟ್ಟಿದ್ದೇ ಅದಕ್ಕೆ. ಹಸಿರು ಬಳಿದು ಗಿಡಮರಗಳ ನಡುವೆ ಬಚ್ಚಿಟ್ಟ ಯುದ್ಧಸಾಮಗ್ರಿಯನ್ನು ವಿಮಾನದಿಂದಲೇ ಪತ್ತೆ ಹಚ್ಚಬೇಕಿತ್ತು.

ಎಲೆಯಲ್ಲಿನ ಪತ್ರಹರಿತ್ತು ನೀಲಿ ಮತ್ತು ಕೆಂಪು ಬೆಳಕನ್ನು ಹೀರಿಕೊಂಡು ಹಸಿರನ್ನು ಒಂದಿಷ್ಟು ಹಿಂದಕ್ಕೆ ಬಿಡುತ್ತದೆ. ಕೆಂಪಿನಾಚೆ ಇರುವ, ನಮಗೆ ಕಾಣದ ಇನ್‌ಫ್ರಾರೆಡ್ಡಿನ ಕತೆ ಬೇರೆ. ಅದು ಎಲೆಯೊಳಗಿನ ಜೀವಕೋಶಗಳಿಗೂ ಅವುಗಳ ನಡುವಿನ ಗಾಳಿಸಂದುಗಳಿಗೂ ತಾಗಿ ಚದುರಿ, ಹೆಚ್ಚುಕಮ್ಮಿ ಅರ್ಧದಷ್ಟು ವಾಪಸು ಬರುತ್ತದೆ. ಪೇಂಟಿಗೆ ಇಂಥ ಒಳರಚನೆ ಎಲ್ಲಿಂದ ಬರಬೇಕು?

ಫಿಲ್ಮ್‌ನಲ್ಲಿ ಮೂರು ಪದರಗಳು: ಒಂದು ಇನ್‌ಫ್ರಾರೆಡ್‌ಗೆ, ಒಂದು ಕೆಂಪಿಗೆ, ಇನ್ನೊಂದು ಹಸಿರಿಗೆ. ತೊಳೆದ ಸ್ಲೈಡಿನಲ್ಲಿ ಇನ್‌ಫ್ರಾರೆಡ್ ಕೆಂಪಾಗಿ, ಕೆಂಪು ಹಸಿರಾಗಿ, ಹಸಿರು ನೀಲಿಯಾಗಿ ಮೂಡುತ್ತವೆ. ತೊಡಕು ಏನೆಂದರೆ, ನೀಲಿ ಬೆಳಕು ಮೂರೂ ಪದರಗಳಿಗೆ ನಾಟುತ್ತದೆ. ಲೆನ್ಸ್ ಮುಂದೆ ಏನೂ ಹಾಕದೆ ಕ್ಲಿಕ್ಕಿಸಿದರೆ ಆಕಾಶದ ನೀಲಿಯೇ ಎಲ್ಲ ಪದರಗಳಿಗೂ ನುಗ್ಗಿ ಬಣ್ಣದ ಲೆಕ್ಕವನ್ನು ಕಲಸಿಹಾಕುತ್ತದೆ. ಆದ್ದರಿಂದ ಕೊಡಾಕ್ ಸೂಚಿಸಿದ ಹಳದಿ ಫಿಲ್ಟರ್, ರ‍್ಯಾಟನ್ 12, ಇಲ್ಲಿ ಬೇಕಾದರೆ ಹಾಕಿಕೊಳ್ಳುವ ವಸ್ತುವಲ್ಲ, ಫಿಲ್ಮ್‌ನದೇ ಒಂದು ಭಾಗ. ಸುಮಾರು 500 ನ್ಯಾನೊಮೀಟರಿಗಿಂತ ಕೆಳಗಿನ ನೀಲಿಯನ್ನು ತಡೆದು ಮಿಕ್ಕ ಮೂರನ್ನೂ ಅದು ಒಳಬಿಡುತ್ತದೆ.

ಕಿತ್ತಳೆ ಫಿಲ್ಟರ್ ಹಾಕಿದರೆ ಹಸಿರು ಬೆಳಕಿಗೂ ತಡೆ ಬೀಳುತ್ತದೆ. ಆ ಹಸಿರೇ ಚಿತ್ರದಲ್ಲಿ ನೀಲಿಯಾಗಬೇಕಿದ್ದರಿಂದ ನೀಲಿ ಬತ್ತಿ, ಎಲೆಗಳು ಕಿತ್ತಳೆಯ ಕಡೆ ವಾಲುತ್ತವೆ. 25ನೇ ನಂಬರಿನ ಕೆಂಪು ಫಿಲ್ಟರಿನಲ್ಲಿ ನೀಲಿ ಪೂರಾ ಮಾಯವಾಗಿ ಇಡೀ ದೃಶ್ಯ ಹಳದಿ-ಕಿತ್ತಳೆಗೆ ತಿರುಗುತ್ತದೆ. ನೋಡಲು ಬಲು ಸೊಗಸು. ಆದರೆ ಗಿಡಮರಗಳ ಆರೋಗ್ಯವನ್ನು ಓದಬೇಕೆಂದರೆ ಹಳದಿಯೇ ಸರಿ, ಮೂರೂ ಪದರಗಳು ದುಡಿಯುವುದು ಅದರ ಹಿಂದೆ.

ಎಕ್ಸ್‌ಪೋಷರ್ ಇನ್ನೂ ನಾಜೂಕು. ಲೈಟ್ ಮೀಟರ್ ಅಳೆಯುವುದು ಕಾಣುವ ಬೆಳಕನ್ನು. ದೃಶ್ಯದಲ್ಲಿ ಎಷ್ಟು ಇನ್‌ಫ್ರಾರೆಡ್ ಇದೆ ಎಂಬುದು ಅದಕ್ಕೆ ತಿಳಿಯದು. ಕೊಡಾಕ್‌ನ ಇಂಥ ಫಿಲ್ಮ್ ಆದ ಎಕ್ಟಾಕ್ರೋಮ್ ಇಐಆರ್ ಅನ್ನು ಸ್ಲೈಡ್ ಫಿಲ್ಮ್ ತೊಳೆಯುವ ಇ-6 ವಿಧಾನದಲ್ಲಿ ತೊಳೆಯುವುದಾದರೆ ಐಎಸ್‌ಒ 200ರಿಂದ ಶುರುಮಾಡುವುದು ವಾಡಿಕೆ. ಹಳದಿ ಫಿಲ್ಟರ್ ನುಂಗುವ ಬೆಳಕೂ ಆ ಸಂಖ್ಯೆಯಲ್ಲೇ ಸೇರಿದೆ. ಹಾಗಾಗಿ ಕ್ಯಾಮೆರಾದ ಮೀಟರಿನಲ್ಲಿ ಅಳೆಯುವಾಗ ಫಿಲ್ಟರ್ ತೆಗೆದಿಟ್ಟು ಅಳೆದು, ಸೆಟ್ಟಿಂಗ್ ಬದಲಿಸದೆ ಆಮೇಲೆ ಫಿಲ್ಟರ್ ಹಾಕಬೇಕು. ನಡುಹಗಲ ಬಿಸಿಲಿಗೆ ಎಫ್/16, ಸೆಕೆಂಡಿನ 1/250 ಒಳ್ಳೆಯ ಆರಂಭ. ಸ್ಲೈಡ್ ಫಿಲ್ಮ್ ತಪ್ಪನ್ನು ಸಹಿಸದು: ಬೆಳಕು ಹೆಚ್ಚಾದರೆ ಎಲೆಯ ಕೆಂಪು ಪೇಲವ ಗುಲಾಬಿಯಾಗುತ್ತದೆ, ಕಡಿಮೆಯಾದರೆ ಕಪ್ಪುಗಟ್ಟುತ್ತದೆ. ಅದಕ್ಕೇ ಪ್ರತಿ ದೃಶ್ಯವನ್ನೂ ಅರ್ಧ ಸ್ಟಾಪ್ ಹೆಚ್ಚು, ಅರ್ಧ ಸ್ಟಾಪ್ ಕಡಿಮೆ ಮಾಡಿ ಇನ್ನೆರಡು ಸಲ ತೆಗೆಯುತ್ತಾರೆ.

ಭಾರತದ ದೂರಸಂವೇದಿ ವಿಜ್ಞಾನ ಮೊದಲ ಹೆಜ್ಜೆ ಇಟ್ಟದ್ದೂ ಇಂಥ ಫಿಲ್ಮ್‌ನಿಂದಲೇ. 1970ರಲ್ಲಿ ವಿಜ್ಞಾನಿ ಪಿ.ಆರ್. ಪಿಷಾರೊಟಿ ಅವರ ತಂಡ ಹೆಲಿಕಾಪ್ಟರಿನಿಂದ ಕೇರಳದ ತೆಂಗಿನ ತೋಟಗಳ ಚಿತ್ರ ತೆಗೆದು ಬೇರು ಸೊರಗು ರೋಗ ತಗುಲಿದ ಮರಗಳನ್ನು ಹುಡುಕಿತು. 1988ರ ಐಆರ್‌ಎಸ್-1ಎ ಉಪಗ್ರಹದ ಹೊತ್ತಿಗೆ ಫಿಲ್ಮ್ ಜಾಗಕ್ಕೆ ಸಂವೇದಕ ಬಂದಿತ್ತು. ಆದರೂ ಇನ್‌ಫ್ರಾರೆಡ್ಡನ್ನು ಕೆಂಪಾಗಿ ತೋರಿಸುವ ರೂಢಿ ಬದಲಾಗಲಿಲ್ಲ. ಉಪಗ್ರಹ ಚಿತ್ರಗಳಲ್ಲಿ ಹೊಲ-ಕಾಡು ಕೆಂಪಗಿರುವುದು ಅದಕ್ಕೇ.

ಕೊಡಾಕ್ ಈ ಫಿಲ್ಮ್ ತಯಾರಿಕೆಯನ್ನು ನಿಲ್ಲಿಸಿ ವರ್ಷಗಳಾದವು. ಫ್ರೀಜರಿನಲ್ಲಿ ಉಳಿದ ಹಳೇ ರೋಲ್ ಎಲ್ಲಾದರೂ ಸಿಕ್ಕರೆ ಪೂರ್ತಿ ಕತ್ತಲಲ್ಲೇ ಕ್ಯಾಮೆರಾಗೆ ಹಾಕಿ, ಮತ್ತು ಹಳದಿ ಫಿಲ್ಟರ್ ಕೈಯಲ್ಲಿಲ್ಲದೆ ಒಂದು ಫ್ರೇಮನ್ನೂ ಖರ್ಚು ಮಾಡಬೇಡಿ.