ಹದಿಮೂರು ವರ್ಷ ಕಾದ ನಿರ್ದೇಶಕ

ಕ್ರೊವೇಷಿಯಾದ ವಿಮರ್ಶಕರು 1999ರಲ್ಲಿ ತಮ್ಮ ದೇಶದ ಅತ್ಯುತ್ತಮ ಚಿತ್ರವನ್ನು ಆರಿಸಿದಾಗ ಮೊದಲ ಸ್ಥಾನ ದೊರೆತದ್ದು ಯುದ್ಧದ ಕಥೆಗಲ್ಲ, ಹಾಡುಗಳಿಂದ ತುಂಬಿದ ಒಂದು ಸಂಸಾರದ ಹಾಸ್ಯಚಿತ್ರಕ್ಕೆ. ‘ತ್ಕೊ ಪ್ಯೆವಾ ಜ್ಲೊ ನೆ ಮಿಸ್ಲಿ’, ಅಂದರೆ ‘ಹಾಡುವವನು ಕೇಡು ಬಗೆಯುವುದಿಲ್ಲ’. ಇದನ್ನು 1970ರಲ್ಲಿ ನಿರ್ದೇಶಿಸಿದವರು ಕ್ರೆಶೊ ಗೊಲಿಕ್ (1922–1996). ಅದಕ್ಕೆ ಮೊದಲು ಈ ನಿರ್ದೇಶಕರು ಬಹುಕಾಲ ಕಥಾಚಿತ್ರಗಳಿಂದ ದೂರ ಉಳಿಯಬೇಕಾಗಿತ್ತು.

ಆರಂಭವೇನೋ ಚೆನ್ನಾಗಿಯೇ ಇತ್ತು. ಹಡಗುಕಟ್ಟೆಯ ಕಾರ್ಮಿಕರ ಫುಟ್‌ಬಾಲ್ ಹುಚ್ಚನ್ನು ಕುರಿತ ‘ಪ್ಲಾವಿ 9’ (1950) ಜನರನ್ನು ನಗಿಸಿತು. 1955ರಲ್ಲಿ ‘ಹುಡುಗಿ ಮತ್ತು ಓಕ್ ಮರ’ ಬಂದಿತು. ಆದರೆ ಯುದ್ಧಕಾಲದಲ್ಲಿ, ನಾತ್ಸಿಗಳ ಆಶ್ರಯದ ಆಡಳಿತವಿದ್ದಾಗ, ತರುಣ ಗೊಲಿಕ್ ಪತ್ರಿಕೆಗೆ ಬರೆದಿದ್ದ ಬರಹ 1957ರಲ್ಲಿ ಬಯಲಾಯಿತು. ನಿರ್ದೇಶನದ ಬಾಗಿಲು ಮುಚ್ಚಿತು. ಆ ಆಡಳಿತದ ಕ್ರೌರ್ಯವನ್ನು ಬಲ್ಲವರು ಇದನ್ನು ಸಣ್ಣ ತಪ್ಪೆನ್ನಲಾರರು, ಶಿಕ್ಷೆಯೂ ಸಣ್ಣದಾಗಿರಲಿಲ್ಲ. ಸ್ವತಂತ್ರ ನಿರ್ದೇಶಕರಾಗಿದ್ದವರು ಇತರರ ಚಿತ್ರಗಳಿಗೆ ಸಹಾಯಕರಾಗಿ ದುಡಿದರು.

ಅವರ ಮರಳುವಿಕೆಗೆ ದಾರಿ ಮಾಡಿದ್ದು ಒಂದು ಕಿರು ಸಾಕ್ಷ್ಯಚಿತ್ರ. ‘3ರಿಂದ 22ರವರೆಗೆ’ (1966) ಎಂಬ ಹೆಸರೇ ಅದರ ವಸ್ತು. ಕಾರ್ಖಾನೆಯ ಹೆಣ್ಣಾಳೊಬ್ಬಳು ನಸುಕಿನ ಮೂರು ಗಂಟೆಗೆ ಎದ್ದು, ರಾತ್ರಿ ಹತ್ತಕ್ಕೆ ಮಲಗುವವರೆಗಿನ ದಿನಚರಿ. ವಿವರಣೆಯ ಧ್ವನಿಯಿಲ್ಲ, ಸಂದೇಶವಿಲ್ಲ. ಮನೆಗೆಲಸ, ಕಾರ್ಖಾನೆ, ಮತ್ತೆ ಮನೆಗೆಲಸ. ನೋಡುವವರಿಗೆ ಅಷ್ಟೇ ಸಾಕಾಗುತ್ತದೆ. ನನ್ನ ಮಟ್ಟಿಗೆ ಗೊಲಿಕ್ ಅವರ ನಿಜವಾದ ಶಕ್ತಿ ಕಾಣುವುದು ಇಲ್ಲಿಯೇ. ಎರಡು ವರ್ಷದ ಅನಂತರ, 1968ರಲ್ಲಿ, ‘ನನಗೆ ಇಬ್ಬರು ಅಮ್ಮಂದಿರು, ಇಬ್ಬರು ಅಪ್ಪಂದಿರು’ ಚಿತ್ರದೊಡನೆ ಅವರು ಕಥಾಚಿತ್ರಕ್ಕೆ ಹಿಂದಿರುಗಿದರು. ಹದಿಮೂರು ವರ್ಷ ಕಳೆದಿತ್ತು.

‘ಹಾಡುವವನು’ ಚಿತ್ರದಲ್ಲಿಯೂ ಅದೇ ಮೌನದ ಗಮನವಿದೆ. 1930ರ ದಶಕದ ಜಾಗ್ರೆಬ್ ನಗರ. ಪೆರಿತ್ಸಾ ಎಂಬ ಪುಟ್ಟ ಹುಡುಗನ ದಿನಚರಿ. ಫುಲಿರ್ ಎಂಬ ಶೋಕಿಲಾಲ ಅಮ್ಮನ ಸುತ್ತ ಸುಳಿದಾಡುತ್ತಾನೆ. ಅಪ್ಪನಿಗೋ ಅವನನ್ನು ಹುಡುಗನ ಚಿಕ್ಕಮ್ಮನಿಗೆ ಗಂಟುಹಾಕುವ ಆಸೆ. ಹುಡುಗ ಕಂಡದ್ದನ್ನೆಲ್ಲ ಹೇಳುತ್ತಾನೆ, ಅರ್ಥ ಮಾತ್ರ ಅವನಿಗೆ ತಿಳಿಯದು. ನಗು ಹುಟ್ಟುವುದೇ ಅಲ್ಲಿ.

ಕಿರುತೆರೆಯವರು ಗಮನಿಸಬೇಕಾದದ್ದು 1975ರ ‘ಗ್ರುಂತೊವ್ಚಾನಿ’ಯನ್ನು. ಮ್ಲಾದೆನ್ ಕೆರ್ಸ್ಟ್‌ನರ್ ಬರೆದ, ಜಾಗ್ರೆಬ್ ಟೆಲಿವಿಷನ್ನಿನ ಹತ್ತು ಕಂತುಗಳ ಈ ಧಾರಾವಾಹಿ ಪೊದ್ರಾವಿನಾ ಸೀಮೆಯ ಹಳ್ಳಿಗರದು. ಪಾತ್ರಗಳು ಆಡುವುದು ಪುಸ್ತಕದ ಭಾಷೆಯನ್ನಲ್ಲ, ಅಲ್ಲಿನ ಕಾಯ್ಕಾವಿಯನ್ ಆಡುಮಾತನ್ನು. ಎಲ್ಲರನ್ನೂ ನಂಬಿ ಮೋಸಹೋಗುವ ರೈತ ದುದೆಕ್ ಆಗಿ ನಟಿಸಿದವರು ಮಾರ್ಟಿನ್ ಸಗ್ನರ್. ಮುಂದೆ ಅವರೇನು ಮಾಡಿದರೂ ಜನರ ಬಾಯಲ್ಲಿ ದುದೆಕ್ ಆಗಿಯೇ ಉಳಿದರು.