ಅಕ್ಕಿಯಿಲ್ಲದ ಇಡ್ಲಿ

ಈ ಬೆಳಿಗ್ಗೆ ನಿಮ್ಮ ಮನೆಯ ಇಡ್ಲಿಗೆ ಅಕ್ಕಿ ಹಾಕಿದ್ದಿರಷ್ಟೆ? ಕ್ರಿ.ಶ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದ ಇಡ್ಲಿಗೆ ಅಕ್ಕಿಯೇ ಇಲ್ಲ! ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿನೀರು, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಬೆರೆಸಬೇಕು. ಸೋಲಾಪುರ, ಅಕ್ಕಲಕೋಟೆಯವರಿಗೆ ಕಲ್ಯಾಣ ದೂರವಲ್ಲ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರನ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲೂ (ಸುಮಾರು 1130) ‘ಇಡ್ಡರಿಕಾ’ ಉದ್ದಿನದೇ.

ಈ ಪುಸ್ತಕಗಳಲ್ಲಿ ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ಹುಡುಕಬೇಡಿ. ಅವು ಅಮೆರಿಕದ ಬೆಳೆಗಳು. 1498ರಲ್ಲಿ ಪೋರ್ಚುಗೀಸರು ಬಂದ ಮೇಲೆ ನಮ್ಮ ಕಡೆ ತಲುಪಿದವು. ಅಲ್ಲಿಯವರೆಗೆ ಖಾರಕ್ಕೆ ಹೆಚ್ಚಾಗಿ ಕಾಳುಮೆಣಸೇ ಗತಿ. ಹೊಸ ಕಾಯಿಗೆ ಹಳೆಯ ಕಾಳಿನ ಹೆಸರೇ ಅಂಟಿತು: ನಮ್ಮಲ್ಲಿ ಮೆಣಸು–ಮೆಣಸಿನಕಾಯಿ, ತೆಲುಗಿನಲ್ಲಿ ಮಿರಿಯಾಲು–ಮಿರಪಕಾಯ, ತಮಿಳಿನಲ್ಲಿ ಮಿಳಗು–ಮಿಳಗಾಯ್. ಎರಡು ಭಾಷೆ ಬಲ್ಲ ನಿಮಗೆ ಇದು ಥಟ್ಟನೆ ಹೊಳೆಯುತ್ತದೆ. ಪಂಡಿತರಿಗೆ ಶಬ್ದಕೋಶ ಬೇಕು!

ಸೋಮೇಶ್ವರನ ಅಡುಗೆಯನ್ನು ಬರೆದಿಟ್ಟದ್ದರಿಂದ ಅದು ಉಳಿಯಿತು. ನಮ್ಮ ಅಜ್ಜಿಯರದ್ದನ್ನು ಬರೆದವರಿಲ್ಲ. ಮೊಮ್ಮಕ್ಕಳಿಗೆ ಪಲ್ಯದ ಹೆಸರು ಶಾಲೆಯ ಭಾಷೆಯಲ್ಲಿ ಮಾತ್ರ ಗೊತ್ತು. ಮನೆಯ ಹಿರಿಯರು ಹೇಳುವಾಗಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಸೇರು, ಪಾವುಗಳ ಲೆಕ್ಕವನ್ನು ಗ್ರಾಮಿಗೆ ತಿದ್ದಬೇಡಿ. ಲೆಡ್ಜರಿನಲ್ಲಿ ಮೂಲ ಅಂಕಿ ಅಳಿಸುವಂತಿಲ್ಲ, ನೋಡಿ.